ಬೈಪೋಲಾರ್ ಇರುವವರು ದಿನದಿನದ ಮೂಡ್ ಅಳೆದು ಬರೆದಿಡುವುದು ಹೇಗೆ?

"ಹೋದ ಸಲ ಬಂದು ಹೋದ ಮೇಲೆ ಹೇಗಿದ್ದೀರಿ?" ಅಂತ ಡಾಕ್ಟರ್ ಕೇಳುತ್ತಾರೆ. ಏನು ಹೇಳಬೇಕೋ ತೋಚುವುದಿಲ್ಲ. "ಪರವಾಗಿಲ್ಲ ಸಾರ್" ಅಂದು, ಅದೇ ಮಾತ್ರೆ ಬರೆಸಿಕೊಂಡು ಬಂದುಬಿಡುತ್ತೇವೆ. ಬೈಪೋಲಾರ್, ಅಂದರೆ ಮೂಡ್ ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ತೀರಾ ಕುಗ್ಗುವ ಕಾಯಿಲೆ ಇರುವ ಓದುಗರು ನನಗೆ ಮತ್ತೆ ಮತ್ತೆ ಬರೆಯುವುದು ಇದನ್ನೇ. ಮನೆಯವರ ಪ್ರಶ್ನೆ ಇನ್ನೊಂದು: "ಇವತ್ತು ಇಷ್ಟು ಖುಷಿಯಾಗಿದ್ದಾರಲ್ಲ, ಇದು ನಿಜವಾದ ಖುಷಿಯೋ, ಇಲ್ಲ ಮತ್ತೆ ಶುರುವಾಯಿತೋ?"

ಎರಡಕ್ಕೂ ಬೇಕಾಗಿರುವುದು ದಿನಾ ಬರೆದಿಟ್ಟ ಲೆಕ್ಕ. ಮೂಡ್ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ನೆನಪನ್ನು ನಂಬುವ ಹಾಗೂ ಇಲ್ಲ. ಮಂಕಾಗಿರುವ ದಿನ ಕೇಳಿದರೆ ಇಡೀ ತಿಂಗಳೇ ಕೆಟ್ಟದಾಗಿತ್ತು ಅನ್ನಿಸುತ್ತದೆ, ತಲೆ ಜೋರಾಗಿ ಓಡುತ್ತಿರುವ ದಿನ ಕೇಳಿದರೆ ಯಾವತ್ತೂ ಏನೂ ಆಗೇ ಇರಲಿಲ್ಲ ಅನ್ನಿಸುತ್ತದೆ. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ನೂರು ವರ್ಷಕ್ಕೂ ಹಿಂದೆಯೇ ತನ್ನ ರೋಗಿಗಳ ಏರಿಳಿತವನ್ನು ಚಾರ್ಟ್‌ನಲ್ಲಿ ಗುರುತಿಸಿಡುತ್ತಿದ್ದದ್ದು ಇದಕ್ಕೇ. ಮುಂದೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ಅದನ್ನೇ ಬೆಳೆಸಿ 'ಲೈಫ್ ಚಾರ್ಟ್' ಅನ್ನುವ ಕ್ರಮ ಮಾಡಿದರು. ನಾನು ಇಲ್ಲಿ ಹೇಳುವುದು ಅದರ ಸರಳ ರೂಪ. ಒಂದು ನೋಟ್‌ಬುಕ್ ಸಾಕು.

ಶುರು ಮಾಡುವ ಮುಂಚೆ ಎರಡು ಮಾತು. ಇದು ಬೈಪೋಲಾರ್ ಇದೆಯೋ ಇಲ್ಲವೋ ಅಂತ ನೀವೇ ಕಂಡುಹಿಡಿಯುವುದಕ್ಕೆ ಅಲ್ಲ, ಡಾಕ್ಟರ್ ಈಗಾಗಲೇ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡುತ್ತಿರುವವರಿಗೆ. ಇನ್ನೊಂದು, ಪುಸ್ತಕದಲ್ಲಿ ಏನೇ ಕಾಣಲಿ, ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ. ಪುಸ್ತಕ ಇರುವುದು ಡಾಕ್ಟರಿಗೆ ಬೇಗ ಫೋನ್ ಮಾಡುವುದಕ್ಕೆ.

ಅಳೆಯುವುದು ಏನನ್ನು?

ನಾಲ್ಕು ಸ್ಥಿತಿಗಳು ಗೊತ್ತಿರಬೇಕು.

ಮೇನಿಯಾ ಅಂದರೆ ಮೂಡ್ ವಿಪರೀತ ಏರಿರುವ ಅಥವಾ ವಿಪರೀತ ಸಿಡುಕಿನ ಸ್ಥಿತಿ. ಶಕ್ತಿ ಉಕ್ಕುತ್ತಿರುತ್ತದೆ, ನಿದ್ದೆ ಬೇಡ, ಮಾತು ನಿಲ್ಲುವುದಿಲ್ಲ, ಖರ್ಚಿಗೆ ಲಂಗುಲಗಾಮಿಲ್ಲ. ಇದು 1 ವಾರವಾದರೂ ಇರಬೇಕು, ಅಥವಾ ಆಸ್ಪತ್ರೆಗೆ ಸೇರಿಸುವಷ್ಟು ಜೋರಾಗಿರಬೇಕು. ಹೈಪೋಮೇನಿಯಾ ಇದರದ್ದೇ ಹಗುರ ರೂಪ, 4 ದಿನವಾದರೂ ಇರುವಂಥದ್ದು, ಕೆಲಸ ಸಂಸಾರ ಮುರಿದು ಬೀಳುವಷ್ಟು ಇರುವುದಿಲ್ಲ. ಡಿಪ್ರೆಶನ್ ಅಂದರೆ ಖಿನ್ನತೆ, 2 ವಾರ ಅಥವಾ ಅದಕ್ಕಿಂತ ಜಾಸ್ತಿ ಮನಸ್ಸು ಕುಗ್ಗಿ, ಯಾವುದರಲ್ಲೂ ಆಸಕ್ತಿ ಇಲ್ಲದೆ ಹೋಗುವುದು. ನಾಲ್ಕನೆಯದು ಮಿಕ್ಸ್ಡ್, ಅಂದರೆ ಎರಡೂ ಬೆರೆತದ್ದು: ಮನಸ್ಸು ಕುಗ್ಗಿದೆ, ಆದರೆ ಮೈ ಮತ್ತು ತಲೆ ಸುಮ್ಮನಿರುತ್ತಿಲ್ಲ.

ಜನ ಹೆದರುವುದು ಮೇನಿಯಾಕ್ಕೆ, ಯಾಕೆಂದರೆ ಅದು ಊರಿಗೆಲ್ಲ ಕಾಣುತ್ತದೆ. ಆದರೆ ಬೈಪೋಲಾರ್ ಇರುವವರ ದಿನಗಳನ್ನು ಹೆಚ್ಚು ತಿನ್ನುವುದು ಖಿನ್ನತೆ. ಅಮೆರಿಕದಲ್ಲಿ 146 ಜನರನ್ನು ಸರಾಸರಿ 12 ವರ್ಷಕ್ಕೂ ಹೆಚ್ಚು ಕಾಲ ವಾರವಾರ ಲೆಕ್ಕ ಹಾಕಿ ನೋಡಿದ ಅಧ್ಯಯನ 2002ರಲ್ಲಿ ಬಂತು. ಅವರೆಲ್ಲ ಬೈಪೋಲಾರ್‌ನ ಮೊದಲ ವಿಧದವರು, ಅಂದರೆ ಪೂರ್ತಿ ಮೇನಿಯಾ ಬಂದಿದ್ದವರು. ಆದರೂ ಸುಮಾರು ಮೂರನೇ ಒಂದು ಪಾಲು ವಾರಗಳಲ್ಲಿ ಅವರಿಗಿದ್ದದ್ದು ಖಿನ್ನತೆ, ಏರಿದ ಮೂಡ್ ಇದ್ದದ್ದು ನೂರರಲ್ಲಿ ಸುಮಾರು 9 ವಾರ ಮಾತ್ರ. ಅದಕ್ಕೇ ಗಲಾಟೆಯ ದಿನಗಳನ್ನಷ್ಟೇ ಅಲ್ಲ, ಸಪ್ಪೆ ದಿನಗಳನ್ನೂ ಬರೆಯಬೇಕು.

ಬೇಕಾಗುವ ಸಾಮಾನು

ಗೆರೆ ಇರುವ ಒಂದು ನೋಟ್‌ಬುಕ್, ಒಂದು ಪೆನ್, ಒಂದು ಕೆಂಪು ಪೆನ್. ದಿನಕ್ಕೆ ಎರಡು ನಿಮಿಷ. ನೀವು ನಂಬುವ ಒಬ್ಬರು. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಮೊದಲ ಪುಟದಲ್ಲೇ.

ಮೊಬೈಲ್ ಆ್ಯಪ್ ಬೇಡವಾ ಅಂತ ಕೇಳುತ್ತೀರಿ. ಬಳಸಬಹುದು, ಗ್ರಾಫ್ ತಾನೇ ಬರೆದುಕೊಡುತ್ತದೆ. ಆದರೂ ನಾನು ನೋಟ್‌ಬುಕ್ಕನ್ನೇ ಹೇಳುತ್ತೇನೆ. ಮೂಡ್ ಏರುತ್ತಿರುವವರ ಕೈಗೆ ರಾತ್ರಿ ಮಲಗುವ ಹೊತ್ತಿಗೆ ಫೋನ್ ಕೊಡುವುದು ಒಳ್ಳೆಯದಲ್ಲ. ನಿಮ್ಮ ಮನಸ್ಸಿನ ಮಾಹಿತಿ ಯಾವ ಕಂಪನಿಯ ಸರ್ವರ್‌ಗೆ ಹೋಗುತ್ತದೆ ಅನ್ನುವುದೂ ಸಣ್ಣ ವಿಷಯವಲ್ಲ.

ಹಂತ 1: ನಿಮ್ಮ ಸೊನ್ನೆ ಎಲ್ಲಿದೆ ಅಂತ ಗುರುತಿಸಿ

ಅಳತೆ −3ರಿಂದ +3ರವರೆಗೆ. ನಡುವೆ ಸೊನ್ನೆ. ಸೊನ್ನೆ ಅಂದರೆ ತುಂಬ ಖುಷಿ ಅಂತಲ್ಲ, ಬೇಜಾರು ಅಂತಲೂ ಅಲ್ಲ. ನೀವು ನೀವಾಗಿರುವ ಮಾಮೂಲಿ ದಿನ. ಹುಟ್ಟಿನಿಂದಲೇ ಮಾತುಗಾರರಾದವರ ಸೊನ್ನೆಯಲ್ಲಿ ಮಾತು ಜಾಸ್ತಿಯೇ ಇರುತ್ತದೆ, ಮೌನಿಯ ಸೊನ್ನೆ ಮೌನವಾಗಿಯೇ ಇರುತ್ತದೆ.

ಇಲ್ಲಿ ಎಡವುವವರು ಬಹಳ. ಹೈಪೋಮೇನಿಯಾದಲ್ಲಿ ಇದ್ದಾಗಿನ ಚುರುಕನ್ನೇ "ನಿಜವಾದ ನಾನು" ಅಂದುಕೊಂಡರೆ ಮಾಮೂಲಿ ದಿನವೆಲ್ಲ −1 ಆಗಿಬಿಡುತ್ತದೆ. ಆಮೇಲೆ ಅದನ್ನು ಖಿನ್ನತೆ ಅಂತ ಡಾಕ್ಟರಿಗೆ ಹೇಳುತ್ತೇವೆ, ಅವರು ಖಿನ್ನತೆಗೆ ಮಾತ್ರೆ ಸೇರಿಸುವ ಯೋಚನೆ ಮಾಡಬಹುದು, ಬೈಪೋಲಾರ್‌ನಲ್ಲಿ ಖಿನ್ನತೆಯ ಮಾತ್ರೆ ಕೆಲವರನ್ನು ಮೇನಿಯಾ ಕಡೆಗೆ ತಳ್ಳುವುದೂ ಉಂಟು. ಹಾಗಾಗಿ ಸೊನ್ನೆಯನ್ನು ಒಬ್ಬರೇ ಕೂತು ತೀರ್ಮಾನಿಸಬೇಡಿ. ನಿಮ್ಮನ್ನು ಹಲವು ವರ್ಷದಿಂದ ಬಲ್ಲವರನ್ನು, ಅಕ್ಕನನ್ನೋ ಗಂಡನನ್ನೋ ಹಳೆಯ ಗೆಳತಿಯನ್ನೋ, "ಕಾಯಿಲೆ ಇಲ್ಲದಾಗ ನಾನು ಎಷ್ಟು ಹೊತ್ತಿಗೆ ಏಳುತ್ತಿದ್ದೆ, ಎಷ್ಟು ಮಾತಾಡುತ್ತಿದ್ದೆ, ದುಡ್ಡು ಹೇಗೆ ಖರ್ಚು ಮಾಡುತ್ತಿದ್ದೆ?" ಅಂತ ಕೇಳಿ, ಬಂದ ಉತ್ತರವನ್ನು ಬರೆದುಕೊಳ್ಳಿ.

ಹಂತ 2: ಪ್ರತಿ ಅಂಕಿಗೂ ನಿಮ್ಮದೇ ಗುರುತು ಬರೆಯಿರಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಒಂದು ಭಾನುವಾರ ಇದಕ್ಕೇ ಕೊಡಿ, ನೀವು ಸಮಾಧಾನವಾಗಿರುವ ಕಾಲದಲ್ಲಿ.

ಬರೀ "+2" ಅಂತ ಬರೆದರೆ ಆರು ತಿಂಗಳ ಮೇಲೆ ಅದರ ಅರ್ಥ ನಿಮಗೇ ಗೊತ್ತಿರುವುದಿಲ್ಲ. ಇವತ್ತಿನ +2 ಮತ್ತು ದೀಪಾವಳಿಯ +2 ಒಂದೇ ಆಗಬೇಕಾದರೆ ಅಂಕಿಗೆ ಒಂದು ಕೆಲಸ ಅಂಟಿರಬೇಕು, ನೀವು ಏನು ಮಾಡುತ್ತೀರಿ ಅಥವಾ ಮಾಡುವುದಿಲ್ಲ ಅನ್ನುವುದು. ಲೈಫ್ ಚಾರ್ಟ್ ಮಾಡಿದವರೂ ಇದನ್ನೇ ಹಿಡಿದರು. ಅವರು ಅಂಕಿ ಕೊಡುವುದು ಸಂಕಟ ಎಷ್ಟಿದೆ ಅನ್ನುವುದಕ್ಕಿಂತ, ಅದರಿಂದ ದಿನದ ಕೆಲಸ ಎಷ್ಟು ಕೆಟ್ಟಿದೆ ಅನ್ನುವುದನ್ನು ನೋಡಿ.

ಒಂದು ಉದಾಹರಣೆ ಕೊಡುತ್ತೇನೆ. ಕಿರಾಣಿ ಅಂಗಡಿ ನಡೆಸುವವರೊಬ್ಬರ ಪಟ್ಟಿ ಹೀಗಿರಬಹುದು:

+3: ರಾತ್ರಿ ಮೂರು ಗಂಟೆ ನಿದ್ದೆ. ಅಂಗಡಿ ಬಿಟ್ಟು ಊರೂರು ತಿರುಗಾಟ. ದೊಡ್ಡ ಸಾಲ ಎತ್ತುತ್ತೇನೆ. ಯಾರು ಹೇಳಿದರೂ ಕೇಳುವುದಿಲ್ಲ.
+2: ಇನ್ನೊಂದು ಅಂಗಡಿ ತೆರೆಯುವ ಯೋಚನೆ. ರಾತ್ರಿ 11ರ ಮೇಲೂ ಎಲ್ಲರಿಗೂ ಫೋನು. ಕೇಳಿದವರಿಗೆಲ್ಲ ಉದ್ರಿ. ಹೆಂಡತಿ ತಡೆದರೆ ರೇಗುತ್ತೇನೆ.
+1: ಅಲಾರಂ ಹೊಡೆಯುವ ಮುಂಚೆ ಎಚ್ಚರ. ಗಿರಾಕಿಗಳ ಜೊತೆ ಮಾತು ಜಾಸ್ತಿ. ಲೆಕ್ಕ ಮಾತ್ರ ಸರಿಯಾಗಿರುತ್ತದೆ.
0: 7ಕ್ಕೆ ಅಂಗಡಿ, 9ಕ್ಕೆ ಬಾಗಿಲು, ಊಟ, ಟಿವಿ, ನಿದ್ದೆ.
−1: ಅಂಗಡಿ ತೆರೆಯುವುದು ತಡ. ಬೇಕಾದಷ್ಟೇ ಮಾತು. ಮಾಲು ತರಿಸುವುದನ್ನು ಮುಂದೂಡುತ್ತೇನೆ.
−2: ಅಂಗಡಿ ಮಗನಿಗೆ ಬಿಟ್ಟು ಮಲಗಿರುತ್ತೇನೆ. ಸ್ನಾನ ದಿನ ಬಿಟ್ಟು ದಿನ. ಊಟ ಒಂದೇ ಹೊತ್ತು.
−3: ಹಾಸಿಗೆಯಿಂದ ಏಳುವುದಿಲ್ಲ. ಸಾಯುವ ಯೋಚನೆ ಬರುತ್ತದೆ.

ನಿಮ್ಮ ಪಟ್ಟಿ ಬೇರೆಯೇ ಇರುತ್ತದೆ. ವಿದ್ಯಾರ್ಥಿಯಾದರೆ ಕ್ಲಾಸು ತಪ್ಪಿಸುವುದು, ಗೃಹಿಣಿಯಾದರೆ ರಾತ್ರಿ ಎರಡು ಗಂಟೆಗೆ ಡಬ್ಬಗಳನ್ನೆಲ್ಲ ಇಳಿಸಿ ಅಡುಗೆಮನೆ ತೊಳೆಯುವುದು, ಐಟಿ ಕೆಲಸದವರಾದರೆ ನಡುರಾತ್ರಿ ಮ್ಯಾನೇಜರ್‌ಗೆ ಒಂದರ ಹಿಂದೊಂದು ಮೇಲ್ ಹಾಕುವುದು. ಸಣ್ಣ ಗುರುತುಗಳನ್ನು ಬಿಡಬೇಡಿ. ವಾಟ್ಸಾಪ್ ಸ್ಟೇಟಸ್ ದಿನಕ್ಕೆ ಒಂದು ಇದ್ದದ್ದು ಇಪ್ಪತ್ತು ಆಗುವುದು, ದೇವರ ಮುಂದೆ ದೀಪ ಹಚ್ಚುವುದನ್ನು ಬಿಡುವುದು, ಇಂಥವೇ ಮೊದಲು ಕಾಣಿಸಿಕೊಳ್ಳುವುದು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. +1 ಕಾಯಿಲೆ ಅಲ್ಲ. ತಂಗಿಯ ಮದುವೆ ಗೊತ್ತಾದ ದಿನ, ಮಗ ಪಾಸಾದ ದಿನ ಎಲ್ಲರಿಗೂ +1 ಇರುತ್ತದೆ. ಬೈಪೋಲಾರ್ ಇದೆ ಅಂದ ಮಾತ್ರಕ್ಕೆ ಖುಷಿಪಡುವ ಹಕ್ಕು ಹೋಗುವುದಿಲ್ಲ. ನಾವು ನೋಡುತ್ತಿರುವುದು ಕಾರಣ ಮುಗಿದ ಮೇಲೂ ಇಳಿಯದ, ದಿನದಿನಕ್ಕೆ ಏರುತ್ತಲೇ ಹೋಗುವ ಖುಷಿಯನ್ನು.

ಹಂತ 3: ಶಕ್ತಿಗೆ ಬೇರೆ ಅಂಕಿ

ಸಿಗುವ ಚಾರ್ಟ್‌ಗಳಲ್ಲಿ ಎಷ್ಟೋ ಒಂದೇ ಗೆರೆಯವು: ಮೇಲೆ ಖುಷಿ, ಕೆಳಗೆ ದುಃಖ. ಬೈಪೋಲಾರ್‌ಗೆ ಅದು ಸಾಲುವುದಿಲ್ಲ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಮನಸ್ಸು ಮತ್ತು ಶಕ್ತಿ ಯಾವಾಗಲೂ ಜೊತೆಯಾಗಿ ಏರಿಳಿಯುವುದಿಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯದ ಕೈಪಿಡಿ ಪರಿಷ್ಕರಿಸಿದಾಗ, ಬರೀ ಮೂಡ್ ಏರಿದ್ದರೆ ಸಾಲದು, ಶಕ್ತಿ ಅಥವಾ ಚಟುವಟಿಕೆಯೂ ಏರಿರಬೇಕು, ಆಗ ಮಾತ್ರ ಮೇನಿಯಾ ಅನ್ನಬೇಕು ಅಂತ ಸೇರಿಸಿತು.

ಹಾಗಾಗಿ ಇನ್ನೊಂದು −3ರಿಂದ +3. ಇಲ್ಲಿ ಮನಸ್ಸನ್ನು ಕೇಳಬೇಡಿ, ಮೈಯನ್ನು ಕೇಳಿ. ಎಷ್ಟು ಓಡಾಡಿದಿರಿ, ಎಷ್ಟು ಕೆಲಸ ಶುರು ಮಾಡಿದಿರಿ, ಒಂದು ಕಡೆ ಕೂರಲು ಆಯಿತಾ, ತಲೆಯಲ್ಲಿ ಯೋಚನೆಗಳು ಒಂದನ್ನೊಂದು ತಳ್ಳಿಕೊಂಡು ಬರುತ್ತಿದ್ದವಾ?

ಮೂಡ್ −2, ಶಕ್ತಿ −2 ಇದ್ದರೆ ಮಾಮೂಲಿ ಖಿನ್ನತೆ. ಮೂಡ್ −2 ಇದ್ದು ಶಕ್ತಿ +2 ಇದ್ದರೆ ಅದು ಮಿಕ್ಸ್ಡ್, ಒಂದೇ ಗೆರೆಯ ಚಾರ್ಟ್‌ನಲ್ಲಿ ಇದು ಕಾಣುವುದೇ ಇಲ್ಲ. ಬದುಕು ಸಾಕು ಅನ್ನಿಸುತ್ತಿರುವ ಮನಸ್ಸಿಗೆ ಏನಾದರೂ ಮಾಡಿಕೊಳ್ಳುವ ಶಕ್ತಿಯೂ ಸಿಕ್ಕಿರುತ್ತದೆ. ಆತ್ಮಹತ್ಯೆಯ ಅಪಾಯ ಹೆಚ್ಚಾಗಿರುವ ಸ್ಥಿತಿಗಳಲ್ಲಿ ಇದು ಒಂದು. ಎರಡು ಅಂಕಿಗಳು ಹೀಗೆ ಎದುರುಬದುರಾದ ದಿನವನ್ನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಅದೇ ದಿನ ಜೊತೆಗಿರುವವರಿಗೆ ತೋರಿಸಿ. ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಹಂತ 4: ನಿದ್ದೆ

ಬೇರೆ ಏನೂ ಬರೆಯಲು ಆಗದ ದಿನ ಇದೊಂದನ್ನಾದರೂ ಬರೆಯಿರಿ. ನಿದ್ದೆ ಕಡಿಮೆಯಾಗುವುದು ಮೇನಿಯಾದ ಲಕ್ಷಣವೂ ಹೌದು, ಮೇನಿಯಾ ಶುರುವಾಗಲು ಕಾರಣವೂ ಹೌದು.

ಮಲಗಿದ ಹೊತ್ತು, ಎದ್ದ ಹೊತ್ತು, ನಡುವೆ ಎಚ್ಚರವಾದದ್ದು. ಹಾಸಿಗೆಯಲ್ಲಿ ಹೊರಳಾಡಿದ ಸಮಯವನ್ನು ನಿದ್ದೆಗೆ ಸೇರಿಸಬೇಡಿ. ಹಗಲಿನ ನಿದ್ದೆಯನ್ನು ಬೇರೆ ಬರೆಯಿರಿ. ಇದರ ಪಕ್ಕದಲ್ಲಿ ಒಂದೇ ಒಂದು ಪದ: ಎದ್ದಾಗ "ಸುಸ್ತು" ಅಥವಾ "ಫ್ರೆಶ್". ಈ ಪದಕ್ಕೆ ತುಂಬ ಬೆಲೆ ಇದೆ. ನಾಲ್ಕು ಗಂಟೆ ಮಲಗಿ ಸುಸ್ತಾಗಿ ಎದ್ದರೆ ಅದು ನಿದ್ದೆ ಬಾರದ ತೊಂದರೆ, ಚಿಂತೆಯಿಂದಲೋ ಖಿನ್ನತೆಯಿಂದಲೋ ಬಂದಿರಬಹುದು. ನಾಲ್ಕೇ ಗಂಟೆ ಮಲಗಿ ಫ್ರೆಶ್ ಆಗಿ ಎದ್ದು, ಐದು ಗಂಟೆಗೇ ಮನೆ ಗುಡಿಸಲು ಶುರು ಮಾಡಿದರೆ ಮೂಡ್ ಏರುತ್ತಿದೆ ಅಂತ ಅನುಮಾನಪಡಬೇಕು.

ಶಿವರಾತ್ರಿ ಜಾಗರಣೆ, ರಾತ್ರಿಯಿಡೀ ಯಕ್ಷಗಾನ, ಜಾತ್ರೆ, ಮದುವೆ ಮನೆ, ರಾತ್ರಿ ಬಸ್ಸು, ನೈಟ್ ಶಿಫ್ಟ್, ಪರೀಕ್ಷೆಗೆ ಓದುವುದು, ಇವೆಲ್ಲ ನಮ್ಮಲ್ಲಿ ನಿದ್ದೆ ಕೆಡಿಸುವ ಸಂದರ್ಭಗಳು. ಹೋಗಲೇಬೇಡಿ ಅಂತ ಹೇಳುತ್ತಿಲ್ಲ. ಜಾಗರಣೆ ವಿಷಯವನ್ನು ಡಾಕ್ಟರ ಹತ್ತಿರ ಮೊದಲೇ ಮಾತಾಡಿ, ನಿದ್ದೆ ಕೆಟ್ಟ ದಿನಕ್ಕೆ ಗುರುತು ಹಾಕಿ, ಆಮೇಲಿನ ನಾಲ್ಕೈದು ದಿನ ಪುಸ್ತಕವನ್ನು ಗಮನವಿಟ್ಟು ನೋಡಿ.

ಹಂತ 5: ಉಳಿದ ಕಾಲಂಗಳು

ಸಿಡುಕು, 0ಯಿಂದ 3. ಕೆಲವರಲ್ಲಿ ಮೇನಿಯಾ ಖುಷಿಯಾಗಿ ಬರುವುದೇ ಇಲ್ಲ, ಸಿಟ್ಟಾಗಿ ಬರುತ್ತದೆ. ಮನೆಯವರು ಅದನ್ನು ಬರೀ ಕೆಟ್ಟ ಸ್ವಭಾವ ಅಂದುಕೊಂಡುಬಿಡುತ್ತಾರೆ.

ಮಾತ್ರೆ: ತಗೊಂಡೆ ಅಥವಾ ಬಿಟ್ಟೆ. ಬಿಟ್ಟಿದ್ದರೆ ಬಿಟ್ಟೆ ಅಂತಲೇ ಬರೆಯಿರಿ. ಇದನ್ನು ಮುಚ್ಚಿಟ್ಟರೆ ಡಾಕ್ಟರ್ "ಈ ಡೋಸ್ ಸಾಲುತ್ತಿಲ್ಲ" ಅಂದುಕೊಂಡು ಇನ್ನೂ ಜಾಸ್ತಿ ಬರೆಯುತ್ತಾರೆ.

ಬೇರೆ ಡಾಕ್ಟರ್ ಕೊಟ್ಟ ಮಾತ್ರೆಗಳನ್ನೂ ಬರೆಯಿರಿ. ಉಬ್ಬಸಕ್ಕೋ ಅಲರ್ಜಿಗೋ ಕೊಡುವ ಸ್ಟಿರಾಯ್ಡ್ ಮೂಡ್ ಏರಿಸಬಹುದು. ಮೂಡ್ ಸಮವಾಗಿಡಲು ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳಿಂದ ರಕ್ತದಲ್ಲಿ ಲಿಥಿಯಂ ಏರುತ್ತದೆ, ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದದ್ದಾದರೂ ಅಷ್ಟೇ.

ಮುಟ್ಟಿನ ದಿನಗಳು, ಕುಡಿತ, ಕಾಫಿ ವಿಪರೀತವಾದದ್ದು, ಜಗಳ, ಸಾವು, ಪ್ರಯಾಣ, ಇವು "ವಿಶೇಷ" ಅನ್ನುವ ಕೊನೆಯ ಕಾಲಂಗೆ. ನಾಲ್ಕೈದು ಪದ ಸಾಕು, ಡೈರಿ ಬರೆಯಲು ಹೋಗಬೇಡಿ. ಪುಟಗಟ್ಟಲೆ ಬರೆಯಬೇಕು ಅನ್ನಿಸಿದರೆ ಅದನ್ನೇ ಒಂದು ಗುರುತಾಗಿ ನೋಟ್ ಮಾಡಿ, ಮೇನಿಯಾದಲ್ಲಿ ಬರವಣಿಗೆ ಉಕ್ಕುವುದುಂಟು.

ಹಂತ 6: ದಿನಾ ಒಂದೇ ಹೊತ್ತಿಗೆ

ರಾತ್ರಿ ಊಟದ ನಂತರ, ಮಾತ್ರೆ ನುಂಗುವ ಹೊತ್ತಿಗೆ ಬರೆದರೆ ಎರಡೂ ನೆನಪಿರುತ್ತವೆ. ಹೊತ್ತು ಬದಲಿಸಬೇಡಿ. ಖಿನ್ನತೆ ಇರುವ ಹಲವರಿಗೆ ಬೆಳಿಗ್ಗೆ ತುಂಬ ಭಾರವಾಗಿದ್ದು ಸಂಜೆಗೆ ಸ್ವಲ್ಪ ಹಗುರಾಗುತ್ತದೆ. ಒಂದು ದಿನ ಬೆಳಿಗ್ಗೆ, ಒಂದು ದಿನ ರಾತ್ರಿ ಬರೆದರೆ ಇಲ್ಲದ ಏರಿಳಿತ ಕಾಣುತ್ತದೆ. ಒಂದೇ ದಿನದಲ್ಲಿ ಮೇಲೆ ಕೆಳಗೆ ಆಗಿದ್ದರೆ ಸರಾಸರಿ ಮಾಡಬೇಡಿ, ಎರಡೂ ಅಂಕಿ ಬರೆಯಿರಿ. +2 ಮತ್ತು −2 ಸೇರಿಸಿ 0 ಅಂದರೆ ಆ ದಿನದ ಕಷ್ಟವೇ ಅಳಿಸಿಹೋಗುತ್ತದೆ.

ಒಂದೆರಡು ದಿನ ತಪ್ಪಿದರೆ ಖಾಲಿ ಬಿಡಿ. ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಕೂತು ಇಡೀ ತಿಂಗಳನ್ನು ತುಂಬಿಸುವುದು ಮಾತ್ರ ಬೇಡ.

ಪುಟ ಹೇಗೆ ಕಾಣುತ್ತದೆ ಅಂತ ನೋಡಿ:

ಸೋಮ: ಮೂಡ್ 0, ಶಕ್ತಿ 0, ಸಿಡುಕು 0, ನಿದ್ದೆ 10:30ರಿಂದ 6, ಮಾಮೂಲಿ. ಮಾತ್ರೆ ತಗೊಂಡೆ.
ಮಂಗಳ: ಮೂಡ್ +1, ಶಕ್ತಿ +1, ಸಿಡುಕು 0, ನಿದ್ದೆ 12ರಿಂದ 5:30, ಫ್ರೆಶ್. ಮಾತ್ರೆ ತಗೊಂಡೆ. ಅತ್ತಿಗೆ ಮನೆ ಗೃಹಪ್ರವೇಶ.
ಬುಧ: ಮೂಡ್ +1, ಶಕ್ತಿ +2, ಸಿಡುಕು 1, ನಿದ್ದೆ 1ರಿಂದ 5, ಫ್ರೆಶ್. ಮಾತ್ರೆ ತಗೊಂಡೆ. ಮೂರು ಸೀರೆ ಆರ್ಡರ್.
ಗುರು: ಮೂಡ್ +1, ಶಕ್ತಿ +2, ಸಿಡುಕು 2, ನಿದ್ದೆ 1:30ರಿಂದ 4:30, ಫ್ರೆಶ್. ಮಾತ್ರೆ ಬಿಟ್ಟೆ. ಅಮ್ಮನ ಜೊತೆ ಜಗಳ.

ಮೂಡ್ ಕಾಲಂ ಮಾತ್ರ ನೋಡಿದರೆ ಇದರಲ್ಲಿ ಏನೂ ಇಲ್ಲ, ಸೋಮವಾರ ಬಿಟ್ಟರೆ ಎಲ್ಲ +1. ನಿದ್ದೆ ಏಳೂವರೆ ಗಂಟೆಯಿಂದ ಮೂರಕ್ಕೆ ಇಳಿದಿದೆ, ಆದರೂ ಸುಸ್ತಿಲ್ಲ. ಶಕ್ತಿ ಏರಿದೆ, ಸಿಡುಕು ಏರಿದೆ, ನಾಲ್ಕನೇ ದಿನ ಮಾತ್ರೆಯೂ ತಪ್ಪಿದೆ. ಗೃಹಪ್ರವೇಶ ಮುಗಿದು ಎರಡು ದಿನವಾದರೂ ಇಳಿದಿಲ್ಲ. ಈ ಪುಟ ಇರುವವರು ಶುಕ್ರವಾರ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಬೇಕು.

ಹಂತ 7: ವಾರಕ್ಕೊಮ್ಮೆ ಪ್ರಶ್ನಾವಳಿ

ದಿನದ ಅಂಕಿ ನಿಮ್ಮದೇ ಅಳತೆ. ಇದರ ಜೊತೆಗೆ ಜಗತ್ತಿನೆಲ್ಲೆಡೆ ಬಳಸುವ ಎರಡು ಸಣ್ಣ ಪ್ರಶ್ನಾವಳಿಗಳನ್ನು ಭಾನುವಾರಕ್ಕೆ ಇಟ್ಟುಕೊಳ್ಳಬಹುದು.

ಏರಿದ ಮೂಡ್‌ಗೆ ಆಲ್ಟ್‌ಮನ್ ಸ್ವಯಂ ಅಳತೆ, 1997ರದ್ದು. ಐದೇ ಪ್ರಶ್ನೆ: ಖುಷಿ, ಆತ್ಮವಿಶ್ವಾಸ, ನಿದ್ದೆ ಬೇಕೆನ್ನಿಸದಿರುವುದು, ಮಾತು, ಚಟುವಟಿಕೆ. ಕಳೆದ ಒಂದು ವಾರ ನೆನೆದು ಪ್ರತಿಯೊಂದಕ್ಕೂ 0ಯಿಂದ 4. ಒಟ್ಟು 20ರಲ್ಲಿ 6 ಅಥವಾ ಜಾಸ್ತಿ ಬಂದರೆ ಮೇನಿಯಾ ಅಥವಾ ಹೈಪೋಮೇನಿಯಾ ಇರುವ ಸಾಧ್ಯತೆ ಹೆಚ್ಚು, ಡಾಕ್ಟರಿಗೆ ತಿಳಿಸಬೇಕು.

ಖಿನ್ನತೆಗೆ ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27, ಕಳೆದ ಎರಡು ವಾರದ ಬಗ್ಗೆ. ಕನ್ನಡದಲ್ಲೂ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. 5ರಿಂದ ಹಗುರ, 10ರಿಂದ ಮಧ್ಯಮ, 15ರಿಂದ ಸ್ವಲ್ಪ ತೀವ್ರ, 20ರಿಂದ ತೀವ್ರ ಖಿನ್ನತೆ ಅಂತ ಲೆಕ್ಕ. ಎರಡು ವಾರದ ಪ್ರಶ್ನೆಯಾದ್ದರಿಂದ ಇದನ್ನು ವಾರ ಬಿಟ್ಟು ವಾರ ಮಾಡಿದರೂ ಸಾಕು. ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಲ್ಲಿ 1 ಬಂದರೂ ಒಟ್ಟು ಅಂಕ ನೋಡುತ್ತಾ ಕೂರಬೇಡಿ, ಅವತ್ತೇ ಒಬ್ಬರಿಗೆ ಹೇಳಿ.

ಪಿಎಚ್‌ಕ್ಯೂ-9 ಒಂದನ್ನೇ ಮಾಡಬೇಡಿ. ಅದಕ್ಕೆ ಖಿನ್ನತೆ ಮಾತ್ರ ಕಾಣುತ್ತದೆ. ಮೇನಿಯಾದಲ್ಲಿರುವವರು ಅದರಲ್ಲಿ 2 ಅಂಕ ತೆಗೆದು "ನಾನು ಪೂರ್ತಿ ಗುಣವಾದೆ" ಅಂತ ಮಾತ್ರೆ ನಿಲ್ಲಿಸಿಬಿಡಬಹುದು.

ಆಸ್ಪತ್ರೆಯ ಫೈಲಿನಲ್ಲಿ ವೈಎಮ್‌ಆರ್‌ಎಸ್ ಅಂತ ಕಂಡರೆ ಅದು ಯಂಗ್ ಅನ್ನುವವರ ಹೆಸರಿನ ಮೇನಿಯಾ ಅಳತೆ. 1978ರಲ್ಲಿ ಬಂದದ್ದು, 11 ವಿಷಯ, ಒಟ್ಟು 60 ಅಂಕ. ಇದನ್ನು ನಾವು ತುಂಬುವುದಲ್ಲ. ಹಿಂದಿನ 48 ಗಂಟೆ ಹೇಗಿತ್ತು ಅಂತ ರೋಗಿ ಹೇಳಿದ್ದನ್ನು ಕೇಳಿ, ಎದುರಿಗೆ ಕೂತಾಗ ಹೇಗಿದ್ದಾರೆ ಅಂತ ನೋಡಿ ಡಾಕ್ಟರ್ ಅಂಕ ಕೊಡುತ್ತಾರೆ. ಸಿಡುಕು, ಮಾತು, ಯೋಚನೆಯ ವಿಷಯ, ಗಲಾಟೆಯ ವರ್ತನೆ, ಈ ನಾಲ್ಕಕ್ಕೆ ಮಾತ್ರ 8ರವರೆಗೆ ಅಂಕ, ಉಳಿದವಕ್ಕೆ 4ರವರೆಗೆ. ಕಾಯಿಲೆ ಜೋರಾಗಿದ್ದಾಗ ಸರಿಯಾಗಿ ಉತ್ತರ ಕೊಡಲು ರೋಗಿಗೆ ಆಗದಿರಬಹುದು, ಅದಕ್ಕೇ ಈ ನಾಲ್ಕಕ್ಕೆ ದುಪ್ಪಟ್ಟು ತೂಕ. ಖಿನ್ನತೆಗೆ ಡಾಕ್ಟರುಗಳು ಬಳಸುವುದು 1960ರ ಹ್ಯಾಮಿಲ್ಟನ್ ಅಳತೆ ಅಥವಾ ಮ್ಯಾಡ್ರಸ್ ಅನ್ನುವ ಹತ್ತು ವಿಷಯದ ಅಳತೆ.

ಹಂತ 8: ಇನ್ನೊಬ್ಬರ ಕಣ್ಣು

ಖಿನ್ನತೆಯಲ್ಲಿ ನಮ್ಮ ಸ್ಥಿತಿ ನಮಗೆ ಗೊತ್ತಾಗುತ್ತದೆ. ಮೇನಿಯಾ ಏರಿದ ಮೇಲೆ ಗೊತ್ತಾಗುವುದಿಲ್ಲ. ಕಾಯಿಲೆಯ ಅರಿವೇ ಹೋಗಿಬಿಡುವುದು ಆ ಕಾಯಿಲೆಯ ಭಾಗ, ಅದು ಹಟ ಅಲ್ಲ, ಸುಳ್ಳೂ ಅಲ್ಲ. ಆದ್ದರಿಂದ ಜೊತೆಗಿರುವ ಒಬ್ಬರು ವಾರಕ್ಕೆ ಎರಡು ಸಲ, ನಿಮ್ಮ ಅಂಕಿ ನೋಡದೆ, ತಮ್ಮ ಅಂಕಿ ಬರೆಯಲಿ. ಎರಡಕ್ಕೂ ತುಂಬ ಅಂತರ ಬಂದರೆ ಅದನ್ನೂ ಡಾಕ್ಟರಿಗೆ ತೋರಿಸಿ.

ಮನೆಯವರಿಗೆ ನನ್ನದೊಂದು ಕೋರಿಕೆ. ಈ ಪುಸ್ತಕವನ್ನು ಜಗಳದಲ್ಲಿ ಎತ್ತಬೇಡಿ. "ನೋಡು, ನೀನೇ +2 ಅಂತ ಬರೆದಿದ್ದೀಯ, ನಿನ್ನ ಮಾತು ಯಾರು ಕೇಳುತ್ತಾರೆ" ಅಂತ ಒಂದೇ ಒಂದು ಸಲ ಅಂದರೂ ಸಾಕು, ಮಾರನೇ ದಿನದಿಂದ ಅಲ್ಲಿ ಬರೀ ಸೊನ್ನೆಗಳೇ ಬೀಳುತ್ತವೆ. ಅವರಿಗೆ ಬರುವ ಸಿಟ್ಟೆಲ್ಲ ಕಾಯಿಲೆಯದ್ದಲ್ಲ. ನೀವು ತಪ್ಪು ಮಾಡಿದಾಗ ನಿಮ್ಮ ಮೇಲೆ ನ್ಯಾಯವಾಗಿಯೇ ಸಿಟ್ಟು ಬಂದಿರುತ್ತದೆ. ಪುಸ್ತಕವನ್ನು ಕೇಳದೆ ಓದಬೇಡಿ, ನೆಂಟರಿಗೆ ತೋರಿಸಬೇಡಿ.

ಹಂತ 9: ಯಾವಾಗ ಏನು ಮಾಡಬೇಕು ಅಂತ ಮೊದಲೇ ಬರೆದಿಡಿ

ಚೆನ್ನಾಗಿರುವ ಕಾಲದಲ್ಲಿ ಡಾಕ್ಟರ ಜೊತೆ ಕೂತು ಮೂರ್ನಾಲ್ಕು ಸಾಲು ಬರೆಸಿಕೊಳ್ಳಿ. ಉದಾಹರಣೆಗೆ, ಎರಡು ರಾತ್ರಿ ಸತತ ಐದು ಗಂಟೆಗಿಂತ ಕಡಿಮೆ ಮಲಗಿಯೂ ಫ್ರೆಶ್ ಇದ್ದರೆ ಫೋನ್ ಮಾಡುವುದು, ಶಕ್ತಿ +2 ಎರಡು ದಿನ ಇದ್ದರೆ ಎಟಿಎಂ ಕಾರ್ಡು ಮತ್ತು ಬೈಕ್ ಕೀಯನ್ನು ಅಣ್ಣನಿಗೆ ಕೊಡುವುದು, ಮೂಡ್ −2 ಒಂದು ವಾರ ದಾಟಿದರೆ ಅಪಾಯಿಂಟ್‌ಮೆಂಟನ್ನು ಇನ್ನೂ ಬೇಗ ತೆಗೆದುಕೊಳ್ಳುವುದು. ಅಂಕಿಗಳು ನಿಮ್ಮ ಹಿಂದಿನ ಅನುಭವದ ಮೇಲೆ ಬೇರೆ ಆಗುತ್ತವೆ. ಕಾಯಿಲೆ ಜೋರಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಿಮ್ಮ ಪರವಾಗಿ ಯಾರು ಮಾತಾಡಬೇಕು ಅಂತ ಮುಂಚೆಯೇ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಮಗೆ ಕೊಟ್ಟಿದೆ. ಇದಕ್ಕೆ ಮುಂಗಡ ನಿರ್ದೇಶನ ಅನ್ನುತ್ತಾರೆ. ಈ ಬಗ್ಗೆಯೂ ಡಾಕ್ಟರನ್ನು ಕೇಳಿ.

ಇವು ಕಂಡರೆ ಪುಸ್ತಕ ಬದಿಗಿಟ್ಟು ಹೊರಡಿ: ಸಾಯುವ ಯೋಚನೆ ಅಥವಾ ಅದಕ್ಕೆ ತಯಾರಿ, ನಿದ್ದೆ ಪೂರ್ತಿ ನಿಂತಿರುವುದು, ಇಲ್ಲದ ದನಿ ಕೇಳಿಸುವುದು, ಹೊಡೆದಾಟ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಆಂಬ್ಯುಲೆನ್ಸ್ 108, ತುರ್ತು ಸಹಾಯ 112. ಒಬ್ಬರನ್ನೇ ಬಿಡಬೇಡಿ. ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹಂತ 10: ಡಾಕ್ಟರ ಮುಂದೆ

ಅರವತ್ತು ದಿನದ ಪುಟಗಳನ್ನು ಒಪಿಡಿಯಲ್ಲಿ ಯಾರೂ ಓದಲಾರರು. ಹಿಂದಿನ ದಿನ ಅರ್ಧ ಪುಟದಲ್ಲಿ ಬರೆದುಕೊಳ್ಳಿ: ಸೊನ್ನೆಯ ಆಸುಪಾಸು ಎಷ್ಟು ದಿನ, +2 ಮತ್ತು ಮೇಲೆ ಎಷ್ಟು, −2 ಮತ್ತು ಕೆಳಗೆ ಎಷ್ಟು, ಕೆಂಪು ಸುತ್ತು ಎಷ್ಟು, ಮಾತ್ರೆ ತಪ್ಪಿದ್ದು ಎಷ್ಟು, ನಿದ್ದೆ ಕೆಟ್ಟ ವಾರ ಯಾವುದು. ಆ ಚೀಟಿಯನ್ನು ಕೈಗೆ ಕೊಡಿ, ಪುಸ್ತಕ ಜೊತೆಗಿರಲಿ. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೋದರೆ ಪ್ರತಿ ಸಲ ಅದೇ ಡಾಕ್ಟರ್ ಸಿಗದೇ ಇರಬಹುದು, ಆಗ ಈ ಚೀಟಿ ತುಂಬ ಉಪಯೋಗಕ್ಕೆ ಬರುತ್ತದೆ. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ನಿಮ್ಮ ಊರಲ್ಲಿ ವಿಚಾರಿಸಿ.

ಲಿಥಿಯಂ ತೆಗೆದುಕೊಳ್ಳುವವರು ರಕ್ತ ಪರೀಕ್ಷೆಯ ಫಲಿತಾಂಶವನ್ನೂ ಇದೇ ಪುಸ್ತಕದಲ್ಲಿ ಬರೆಯಿರಿ. ಕೊನೆಯ ಮಾತ್ರೆ ನುಂಗಿದ 12 ಗಂಟೆಗೆ ರಕ್ತ ಕೊಡಬೇಕು. ರಾತ್ರಿ 9ಕ್ಕೆ ನುಂಗಿದರೆ ಬೆಳಿಗ್ಗೆ 9ಕ್ಕೆ ರಕ್ತ, ಬೆಳಗಿನ ಮಾತ್ರೆ ಅದಾದ ಮೇಲೆ. ಮುಂಚೆಯೇ ನುಂಗಿ ಹೋದರೆ ಮಟ್ಟ ಸುಳ್ಳಾಗಿ ಜಾಸ್ತಿ ಬರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೂರಾಡುವುದು, ಮಾತು ತೊದಲುವುದು ಕಂಡರೆ ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ನೀರೂ ಕುಡಿಯದ ಉಪವಾಸ, ಬೇಸಿಗೆಯ ಬೆವರು, ಉಪ್ಪು ಪೂರ್ತಿ ಬಿಡುವ ಪಥ್ಯ, ಇವುಗಳಿಂದಲೂ ಮಟ್ಟ ಏರುತ್ತದೆ.

ಎಷ್ಟು ಕಾಲ ಬರೆಯಬೇಕು?

ಮೊದಲ ಮೂರು ತಿಂಗಳು ಎಲ್ಲ ಕಾಲಂ. ಡಾಕ್ಟರ್ ಒಪ್ಪಿದರೆ, ಒಂದು ವರ್ಷ ಸಮನಾಗಿದ್ದ ಮೇಲೆ ನಿದ್ದೆ ಮತ್ತು ಶಕ್ತಿ ಎರಡಕ್ಕೆ ಇಳಿಸಿ. ಬರೆಯುವುದೇ ಚಿಂತೆಯಾಗಿ, ಗಂಟೆಗೊಮ್ಮೆ ಅಂಕಿ ಕೊಟ್ಟುಕೊಳ್ಳುವ ಹಾಗಾದರೂ ಕಡಿಮೆ ಮಾಡಿ. ಮಾತ್ರೆ ಬದಲಾದಾಗ, ಹೊಸ ಕೆಲಸ ಸೇರಿದಾಗ, ದೂರ ದೇಶಕ್ಕೆ ವಿಮಾನದಲ್ಲಿ ಹೋಗಿ ಹಗಲು ರಾತ್ರಿ ಅದಲುಬದಲಾದಾಗ ಮತ್ತೆ ಪೂರ್ತಿ ಶುರು ಮಾಡಿ.

ಮಗು ಬೇಕು ಅಂದುಕೊಂಡಿರುವವರು ಆ ಮಾತನ್ನು ಮೊದಲೇ ಡಾಕ್ಟರಿಗೆ ಹೇಳಬೇಕು. ಬೈಪೋಲಾರ್‌ಗೆ ಕೊಡುವ ವ್ಯಾಲ್ಪ್ರೊಯೇಟ್‌ನಂಥ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡುತ್ತದೆ, ಹಾಗಂತ ಹೆದರಿ ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ, ಎರಡನ್ನೂ ತೂಗಿ ಬದಲಾಯಿಸಲು ಅವರಿಗೆ ಸಮಯ ಬೇಕು. ಹೆರಿಗೆಯ ನಂತರದ ಕೆಲವು ವಾರ ಬೈಪೋಲಾರ್ ಇರುವ ತಾಯಂದಿರಿಗೆ ತುಂಬ ಅಪಾಯದ ಕಾಲ, ನಿದ್ದೆ ಹೇಗೂ ಕೆಟ್ಟಿರುತ್ತದೆ. ಬಾಣಂತಿಗೆ ಆಗ ಬರೆಯಲು ಕೈ ಬಿಡುವಿರುವುದಿಲ್ಲ. ತಾಯಿಯೋ ಗಂಡನೋ ಪುಸ್ತಕ ಹಿಡಿಯಲಿ, ದಿನಾ ಬರೆಯಲಿ. ರಾತ್ರಿ ಒಂದು ಹೊತ್ತಿನ ಹಾಲು ಕುಡಿಸುವುದನ್ನು ಮನೆಯವರು ಬೇರೆ ರೀತಿ ನೋಡಿಕೊಂಡು ಅವಳಿಗೆ ನಾಲ್ಕೈದು ಗಂಟೆ ಒಟ್ಟಿಗೆ ನಿದ್ದೆ ಸಿಗುವ ಹಾಗೆ ಮಾಡಿ. ಮಗು ಮಲಗಿದ್ದರೂ ತಾಯಿಗೆ ನಿದ್ದೆ ಬೇಡ ಅನ್ನಿಸುತ್ತಿದ್ದರೆ ಅದೇ ದಿನ ಡಾಕ್ಟರಿಗೆ ತಿಳಿಸಿ.